ಹಿರೀಸಾವೆಯ ಸೋಡಾ ಫ್ಯಾಕ್ಟರಿಗೆ ನಾನು ಬರೆದ ವರದಿ

ಸಾಲ ಕೇಳಿ ಬಂದವರ ಕಾಗದಪತ್ರ ಓದುವುದು ಅರ್ಧ ಗಂಟೆಯ ಕೆಲಸ. ಆ ಕಾಗದದಲ್ಲಿ ಇಲ್ಲದ್ದನ್ನು ಓದಲು ಊರೂರು ತಿರುಗಬೇಕು. ಐವತ್ತರ ಮತ್ತು ಅರವತ್ತರ ದಶಕಗಳನ್ನು ನಾನು ಹಾಸನದ ಒಂದು ಸಹಕಾರಿ ಬ್ಯಾಂಕಿನಲ್ಲಿ ಸಾಲದ ಇನ್ಸ್‌ಪೆಕ್ಟರ್ ಆಗಿ ಹಾಗೆ ತಿರುಗುತ್ತಲೇ ಕಳೆದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರು ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಬಸ್ಸು ಹೋಗುವಲ್ಲಿಗೆ ಬಸ್ಸು, ಮುಂದಕ್ಕೆ ಬಾಡಿಗೆ ಸೈಕಲ್ಲು, ಅದರಾಚೆಗೆ ಕಾಲು. ಬ್ಯಾಂಕಿಗೆ ಜೀಪು ಬಂದದ್ದು ಬಹಳ ತಡವಾಗಿ. ಬಂದ ಮೇಲೆ ನಾವು ಊರೊಳಗೆ ನಡೆಯುವುದು ಕಡಿಮೆಯಾಯಿತು, ವರದಿಗಳು ಉದ್ದವಾದವು.

ಈಗ ಬ್ಯಾಂಕು ಸೇರಿದ ಕೆಲವು ಹುಡುಗರು ನನ್ನನ್ನು ನೋಡಲು ಬರುತ್ತಾರೆ. ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂದು ಹೇಗೆ ತಿಳಿಯುತ್ತಿತ್ತು ಎಂದು ಕೇಳುತ್ತಾರೆ. ನನ್ನ ಅಂದಾಜು ಸರಿಯಾದ ಪ್ರಸಂಗಗಳನ್ನು ಕೇಳಿ ಖುಷಿಪಟ್ಟು ಹೋಗುತ್ತಾರೆ. ಒಂದು ಪ್ರಸಂಗವನ್ನು ಮಾತ್ರ ನಾನು ಅವರಲ್ಲಿ ಯಾರಿಗೂ ಹೇಳಿಲ್ಲ. ಅದನ್ನು ಹೇಳಬೇಕಾದರೆ ಅದಕ್ಕಿಂತ ಮೊದಲಿನ ಎರಡನ್ನೂ ಹೇಳಬೇಕಾಗುತ್ತದೆ.

ನಮ್ಮ ವರದಿಯ ನಮೂನೆ ನಾಲ್ಕು ಪುಟದ್ದು. ಮೊದಲ ಮೂರು ಪುಟ ಯಂತ್ರದ ಬೆಲೆ, ಜಾಮೀನು, ಜಮೀನಿನ ಪಹಣಿ ಇಂಥವಕ್ಕೆ. ಕೊನೆಯ ಪುಟದ ಮೇಲೆ ‘ಇತರ ಸಂಗತಿಗಳು’ ಎಂದು ಅಚ್ಚಾಗಿರುತ್ತಿತ್ತು, ಕೆಳಗೆ ಬರೀ ಖಾಲಿ ಗೆರೆಗಳು. ರೂಪಾಯಿಯ ಮಾತು ಅಲ್ಲಿ ಬರಕೂಡದು. ಮನುಷ್ಯ ಎಂಥವನು, ಅವನಿಗೆ ಕಸಬು ಗೊತ್ತೇ, ಮನೆಯಲ್ಲಿ ಒಗ್ಗಟ್ಟಿದೆಯೇ, ನೀರು ಹೇಗೆ, ರಸ್ತೆ ಹೇಗೆ, ಮಾಡಿದ ಮಾಲನ್ನು ಕೊಳ್ಳುವವರು ಯಾರು, ನೆರೆಹೊರೆ ಏನನ್ನುತ್ತದೆ, ಇಷ್ಟನ್ನು ಬರೆಯಬೇಕು. ನಮ್ಮ ಮ್ಯಾನೇಜರ್ ಶ್ರೀಕಂಠಯ್ಯನವರು ಯಾವ ವರದಿ ಬಂದರೂ ಮೊದಲು ತಿರುವಿ ಹಾಕಿ ಆ ಪುಟವನ್ನೇ ಓದುತ್ತಿದ್ದರು.

“ಮೂರ್ತಿ, ದುಡ್ಡು ಸಾಲದೆ ಮುಳುಗಿದ ಕಸಬು ನಾನು ನೋಡಿದ್ದು ಕಮ್ಮಿ ಕಣಯ್ಯ. ಬೇರೆ ಏನಾದರೂ ಕೆಟ್ಟಿರುತ್ತೆ. ದುಡ್ಡು ಕೊನೆಗೆ ಹೋಗುತ್ತೆ, ಅಷ್ಟೆ” ಎನ್ನುತ್ತಿದ್ದರು.

ನಾನು ಸೇರಿದ ಹೊಸದರಲ್ಲಿ ಒಮ್ಮೆ ಅವರೇ ನನ್ನ ಜೊತೆ ಹೊರಟರು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ ಅಣ್ಣತಮ್ಮಂದಿರಿಬ್ಬರು ಭತ್ತದ ಮಿಲ್ಲು ಹಾಕಲು ಸಾಲ ಕೇಳಿದ್ದರು. ಸುತ್ತ ಒಳ್ಳೆಯ ಗದ್ದೆ, ಹತ್ತಿರದಲ್ಲಿ ಬೇರೆ ಮಿಲ್ಲಿಲ್ಲ, ಜಾಮೀನಿಗೆ ಬೇಕಾದಷ್ಟು ಜಮೀನು. ಅಣ್ಣತಮ್ಮಂದಿರು ಜಗಲಿಯ ಮೇಲೆ ಅಕ್ಕಪಕ್ಕ ಕೂತು ಒಂದೇ ಬಾಯಲ್ಲಿ ಮಾತಾಡಿದರು. ನಮಗೆ ಹಾಲು, ಬಾಳೆಹಣ್ಣು ಬಂತು. ಶ್ರೀಕಂಠಯ್ಯನವರು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಂದರು. ವಾಪಸು ಬರುವಾಗ ಬಸ್ಸಿನಲ್ಲಿ, “ಏನು ನೋಡಿದೆ?” ಎಂದರು. ನಾನು ಗದ್ದೆ, ಮಿಲ್ಲು, ಜಾಮೀನು ಎಲ್ಲವನ್ನೂ ಒಪ್ಪಿಸಿದೆ.

“ಹಾಲು ತಂದವಳು ಒಬ್ಬಳು, ಹಣ್ಣು ತಂದವಳು ಇನ್ನೊಬ್ಬಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಿತ್ತಲ ಕಡೆ ಹೊಸದಾಗಿ ಇನ್ನೊಂದು ಒಲೆ ಹಾಕಿದಾರೆ, ಬೂದಿ ಇನ್ನೂ ಬಿಸಿ ಇತ್ತು. ಅಡುಗೆ ಬೇರೆಯಾದ ಮನೆಯಲ್ಲಿ ಮಿಲ್ಲು ಎಷ್ಟು ದಿನ ಒಂದಾಗಿರುತ್ತೆ?”

ಸಾಲ ಕೊಡಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಆ ಮನೆ ಪಾಲಾಯಿತು. ಸಾಲ ಕೊಟ್ಟಿದ್ದರೆ ಮಿಲ್ಲಿನ ಚಕ್ರ ಒಬ್ಬನಿಗೆ, ಪಟ್ಟಿ ಒಬ್ಬನಿಗೆ ಎಂದು ಹಂಚಿಕೊಳ್ಳುತ್ತಿದ್ದರೇನೋ. ಅಂದಿನಿಂದ ನಾನು ಶ್ರೀಕಂಠಯ್ಯನವರ ಕಣ್ಣನ್ನು ಸಂಪಾದಿಸಬೇಕೆಂದು ಹಟ ಹಿಡಿದೆ.

ಆ ಹಟಕ್ಕೆ ಮೊದಲ ಪೆಟ್ಟು ಬಿದ್ದದ್ದು ನನ್ನ ಸ್ವಂತ ಊರಾದ ಹೊಳೆನರಸೀಪುರದಲ್ಲಿ. ರಂಗನಾಥ ಎಂಬ ಯುವಕ ಕರಾವಳಿ ಕಡೆ ಎರಡು ವರ್ಷ ಇದ್ದು ತೆಂಗಿನ ನಾರಿನ ಕೆಲಸ ಕಲಿತು ಬಂದಿದ್ದ. ನಮ್ಮೂರಲ್ಲಿ ತೆಂಗಿನಕಾಯಿಗೆ ಬರವಿಲ್ಲ, ಸಿಪ್ಪೆಯನ್ನು ಒಲೆಗೆ ಹಾಕುತ್ತಿದ್ದರು. ಅದರಿಂದ ಹಗ್ಗ, ಕಾಲೊರಸು ಮಾಡುತ್ತೇನೆ ಎಂದ. ಹುಡುಗ ಚುರುಕು, ಕೆಟ್ಟ ಅಭ್ಯಾಸವಿಲ್ಲ, ಮನೆಯಲ್ಲಿ ಒಂದೇ ಒಲೆ. ನಾನು ‘ಇತರ ಸಂಗತಿಗಳು’ ಪುಟವನ್ನು ತುಂಬಿಸಿ ಹೊಗಳಿ ಬರೆದೆ. ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಹಾಕಬೇಕು, ಅದು ಊರೆಲ್ಲ ನಾರುತ್ತದೆ ಎಂಬುದನ್ನು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನ ಗುಂಡಿಯ ಹತ್ತಿರವೇ ಒಂದು ಬೀದಿಯವರು ಕುಡಿಯುವ ನೀರು ಸೇದುವ ಬಾವಿ ಇತ್ತು. ನಾಲ್ಕನೆಯ ತಿಂಗಳಲ್ಲಿ ಹೆಂಗಸರು ಬಿಂದಿಗೆಯಲ್ಲಿ ಆ ನೀರು ತುಂಬಿಕೊಂಡು ಹೋಗಿ ಅಮಲ್ದಾರರ ಮೇಜಿನ ಮೇಲಿಟ್ಟರು. ಅದೇ ವಾರ ಗುಂಡಿ ಮುಚ್ಚಿಸಿದರು.

ರಂಗನಾಥ ನಮ್ಮ ಮನೆಗೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ನಿಂತ. “ಸ್ವಾಮಿ, ನೀವು ಇದೇ ಊರಿನೋರು. ಆ ಬಾವಿ ನೀರು ನೀವೂ ಕುಡಿದಿರ್ತೀರಿ. ಜಾಗ ಬದಲಾಯಿಸು ಅಂತ ಒಂದು ಮಾತು ಹೇಳಬಾರದಾಗಿತ್ತೇ?” ಎಂದ.

ಶ್ರೀಕಂಠಯ್ಯನವರು ಬೈಯಲಿಲ್ಲ. “ಇನ್ನು ಮೇಲೆ ಅಕ್ಕಪಕ್ಕದವರನ್ನು ಕೇಳದೆ ವರದಿ ಬರೆಯಬೇಡ” ಎಂದರು. ನಾನು ಆ ಮಾತನ್ನು ವ್ರತದಂತೆ ಹಿಡಿದೆ. ಆ ವ್ರತವೇ ಮುಂದಿನ ತಪ್ಪಿಗೆ ದಾರಿಯಾಯಿತು.

ಮರುವರ್ಷ ಬೇಸಿಗೆಗೆ ಮುಂಚೆ ಮರಿಸ್ವಾಮಿ ಎಂಬಾತ ಬ್ಯಾಂಕಿಗೆ ಬಂದ. ಮೂವತ್ತೈದರ ಆಸುಪಾಸು, ಒಗೆದ ಬಿಳಿ ಅಂಗಿ, ಕಂಕುಳಲ್ಲಿ ಒಂದು ಶಾಲೆಯ ನೋಟ್‌ಬುಕ್ಕು. ಬಾಗಿಲ ಬಳಿಯೇ ನಿಂತಿದ್ದ. ಒಳಗೆ ಬಾ ಎಂದು ಎರಡು ಸಲ ಕರೆದ ಮೇಲೆ ಬಂದ, ಕುರ್ಚಿಯಲ್ಲಿ ಕೂರಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯ ಪಕ್ಕದ ಹಳ್ಳಿ, ಹರಿಜನ ಕೇರಿ. ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ಸೋಡಾ ಫ್ಯಾಕ್ಟರಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದ. ಬಾಟಲಿ ತೊಳೆಯಲು ಸೇರಿದವನು ಕೊನೆಗೆ ಯಂತ್ರ ನಡೆಸುವ ಮೇಸ್ತ್ರಿಯಾಗಿದ್ದ. ತಾಯಿಗೆ ಲಕ್ವ ಹೊಡೆದದ್ದರಿಂದ ಊರಿಗೆ ಬಂದಿದ್ದ.

“ಹಿರೀಸಾವೇಲಿ ಒಂದು ಗೋಲಿ ಸೋಡಾ ಫ್ಯಾಕ್ಟ್ರಿ ಹಾಕ್ತೀನಿ ಸಾ” ಎಂದ.

ನೋಟ್‌ಬುಕ್ಕು ತೆರೆದು ನೋಡಿದೆ. ಅಂಥ ಯೋಜನೆಯನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಹಿರೀಸಾವೆಯಲ್ಲಿ ಯಾವ ಯಾವ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಜನ ಇಳಿಯುತ್ತಾರೆ ಎಂದು ಹದಿನೈದು ದಿನ ರಸ್ತೆ ಬದಿ ಕೂತು ಗೆರೆ ಎಳೆದು ಬರೆದಿದ್ದ. ಮೂರು ಬಾವಿಯ ನೀರಿಗೆ ಸೋಪು ಹಾಕಿ ಯಾವುದರಲ್ಲಿ ನೊರೆ ಚೆನ್ನಾಗಿ ಏಳುತ್ತದೆ ಎಂದು ಪರೀಕ್ಷೆ ಮಾಡಿದ್ದ. ಗಡಸು ನೀರಿನ ಸೋಡಾ ನಾಲಿಗೆಗೆ ಒಗರು ಎಂದು ವಿವರಿಸಿದ. ಬಾಟಲಿ ಎಷ್ಟು ಒಡೆಯುತ್ತವೆ, ಗ್ಯಾಸಿನ ಸಿಲಿಂಡರು ಬೆಂಗಳೂರಿನಿಂದ ಯಾವ ಲಾರಿಯಲ್ಲಿ ಬರುತ್ತದೆ, ಮಳೆಗಾಲದಲ್ಲಿ ಸೋಡಾ ಓಡದಿದ್ದಾಗ ಏನು ಮಾಡುವುದು, ಎಲ್ಲವೂ ಇತ್ತು. ಬಾಟಲಿ ಸಿಡಿದರೆ ಕೈಕಣ್ಣಿಗೆ ಏಟಾಗದಂತೆ ಯಂತ್ರದ ಸುತ್ತ ದಪ್ಪ ತಂತಿಯ ಜಾಲರಿ ಹಾಕಿಸಬೇಕೆಂದು ಒಂದು ಪುಟ ಪೂರ್ತಿ ಬರೆದು ಚಿತ್ರವನ್ನೂ ಬಿಡಿಸಿದ್ದ.

“ಇದೆಲ್ಲ ಯಾರು ಬರೆದುಕೊಟ್ಟರಪ್ಪ?”

“ನಾನೇ ಸಾ. ಅಯ್ದ್ನೇ ಕ್ಲಾಸ್‌ಗಂಟ ಓದಿವ್ನಿ. ಲೆಕ್ಕ ಅಂದ್ರೆ ನಂಗೆ ಇಸ್ಕೂಲಲ್ಲಿದ್ದಾಗ್ಲಿಂದ್ಲೂ ಆಸೆ.”

ಮುಂದಿನ ವಾರ ನಾನು ಹಿರೀಸಾವೆಗೆ ಹೋದೆ. ರಸ್ತೆ ಪಕ್ಕದಲ್ಲಿ ಬಾಷಾ ಸಾಹೇಬರೆಂಬ ಲಾರಿ ಮಾಲೀಕರ ಖಾಲಿ ಷೆಡ್ಡು. ಬಾಡಿಗೆಗೆ ಕೊಡಲು ಒಪ್ಪಿದ್ದರು. “ಒಳ್ಳೆ ಆದ್ಮಿ ಸಾಬ್, ಕೈ ಚೊಕ್ಕಟ” ಎಂದರು. ಬಾವಿ ನೋಡಿದೆ, ಬಸ್ಸು ಎಣಿಸಿದೆ. ಮರಿಸ್ವಾಮಿಯ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕೇರಿಯಲ್ಲಿ ಅವನ ಮನೆಗೂ ಹೋದೆ, ಅಂಗಳದಲ್ಲಿ ನಿಂತು ಮಾತಾಡಿಸಿ ಬಂದೆ. ತಾಯಿಗೆ ಅವನೇ ಊಟ ಮಾಡಿಸುತ್ತಿದ್ದ. ಹೆಂಡತಿ ಕೂಲಿಗೆ ಹೋಗಿದ್ದಳು, ಮೂರು ವರ್ಷದ ಮಗಳು ಬಾಗಿಲಲ್ಲಿ ಆಡುತ್ತಿತ್ತು.

ವ್ರತದ ಪ್ರಕಾರ ಅಕ್ಕಪಕ್ಕದವರನ್ನು ಕೇಳುವುದು ಬಾಕಿ ಇತ್ತು. ಬಸ್ಸು ನಿಲ್ಲುವ ಜಾಗದಲ್ಲಿ ನಂಜಪ್ಪನ ಹೋಟೆಲು. ಅಲ್ಲಿಗೆ ಹೋಗಿ ಕೇಳಿದೆ.

“ಮರಿಸ್ವಾಮಿ ಸೋಡಾ ಮಾಡಿದರೆ ನೀವು ತಗೋತೀರಾ ನಂಜಪ್ಪನೋರೆ?”

ಅವನು ಟೇಬಲ್ಲು ಒರೆಸುವುದನ್ನು ನಿಲ್ಲಿಸಿದ. “ಯಾವ್ ಮರಿಸ್ವಾಮಿ? ಕೇರೀದಾ?”

“ಹೌದು.”

“ನಾ ತಗಂಡೇನು ಸಾ. ಕುಡ್ಯೋರು ಬ್ಯಾಡ್ವಾ? ಗೌಡ್ರು, ಲಿಂಗಾಯ್ತ್ರು, ನಿಮ್ಮಂತೋರು ಬಸ್ನಿಂದ ಇಳ್ದು ಬತ್ತಾರೆ. ಯಾರ್ ಮಾಡಿದ್ದು ಅಂದ್ರೆ ನಾನೇನ್ ಯೋಳ್ಲಿ? ಸೋಡಾ ಓಗ್ಲಿ, ನನ್ ಇಡ್ಲೀನೂ ಮುಟ್ಟಕಿಲ್ಲ ಆಮೇಲೆ.”

ಇನ್ನಿಬ್ಬರು ಅಂಗಡಿಯವರನ್ನು ಕೇಳಿದೆ. ಅವರೂ ಅದೇ ಹೇಳಿದರು. ನಾನು ಕೇಳಿದ ರೀತಿಯೇ ಹಾಗಿತ್ತು ಎಂದು ಈಗ ಅನ್ನಿಸುತ್ತದೆ. “ಒಳ್ಳೆಯ ಸೋಡಾ ಸಿಕ್ಕರೆ ಜನ ಕುಡಿಯುತ್ತಾರಾ” ಎಂದು ಕೇಳಬಹುದಿತ್ತು. ನಾನು ಮೊದಲು ಹೆಸರು ಹಿಡಿದೆ. ಕೇರಿಯ ಹೆಸರು ಬರಲೆಂದೇ ಹಿಡಿದೆನೋ ಏನೋ. ನನ್ನ ಮನೆಯಲ್ಲಿ ಅಮ್ಮ ಇನ್ನೂ ಬದುಕಿದ್ದರು, ನಾನು ಹೊರಗಿನ ಹೋಟೆಲಿನಲ್ಲಿ ಕಾಫಿ ಕುಡಿದದ್ದನ್ನೂ ಅವರಿಗೆ ಹೇಳುತ್ತಿರಲಿಲ್ಲ. ಆ ಸೋಡಾವನ್ನು ನಾನು ಕುಡಿಯುತ್ತೇನೆಯೇ ಎಂದು ನನ್ನನ್ನು ನಾನು ಕೇಳಿಕೊಳ್ಳಲೇ ಇಲ್ಲ.

ವರದಿಯ ಕೊನೆಯ ಪುಟದಲ್ಲಿ ಹೀಗೆ ಬರೆದೆ: ‘ಅರ್ಜಿದಾರ ಕಸಬು ಬಲ್ಲವನು, ಶ್ರಮಜೀವಿ, ನಂಬಿಕಸ್ಥ. ಆದರೆ ಅವನ ಜಾತಿಯ ಕಾರಣ ಅವನು ತಯಾರಿಸಿದ ಪಾನೀಯವನ್ನು ಈ ಪ್ರದೇಶದಲ್ಲಿ ಯಾರೂ ಕುಡಿಯುವುದಿಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿದೆ. ಶಿಫಾರಸು ಮಾಡಲಾಗುವುದಿಲ್ಲ.’

ಬರೆಯುವಾಗ ಬೇಸರವಾಗಿತ್ತು. ಆದರೆ ಮುಗಿಸಿದ ಮೇಲೆ ಒಂದು ಬಗೆಯ ಸಮಾಧಾನವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಈ ಸಲ ನಾನು ಯಾವುದನ್ನೂ ಕೇಳದೆ ಬಿಟ್ಟಿರಲಿಲ್ಲ.

ಶ್ರೀಕಂಠಯ್ಯನವರು ಆ ಪುಟವನ್ನು ಓದಿ ಪೆನ್ನು ಕೈಗೆತ್ತಿಕೊಂಡರು. “ಕುರಿಗೋ ಚಪ್ಪಲಿ ಹೊಲಿಯೋ ಕೆಲಸಕ್ಕೋ ಕೇಳಿದ್ದರೆ ಕೊಡಬಹುದಿತ್ತು” ಎಂದು ಸಹಿ ಹಾಕಿದರು. ಅವರು ಕೆಟ್ಟವರಲ್ಲ. ನಮ್ಮಿಬ್ಬರಲ್ಲಿ ಯಾರಿಗೂ ಆ ಮಾತಿನಲ್ಲಿ ತಪ್ಪು ಕಾಣಲಿಲ್ಲ.

ಮರಿಸ್ವಾಮಿ ಫಲಿತಾಂಶ ಕೇಳಲು ಬಂದ. ನಾನು ಅವನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದೆ. ಅವನ ಮುಖ ನೋಡಿ ಹೇಳಬೇಕಾದ್ದನ್ನು ಹೇಳಲು ನನ್ನಿಂದ ಆಗಲಿಲ್ಲ.

“ನಿನ್ನ ಲೆಕ್ಕದಲ್ಲಿ ಎಲ್ಲೋ ಸ್ವಲ್ಪ ಹೆಚ್ಚುಕಮ್ಮಿ ಆಗಿದೆಯಪ್ಪ. ಮೇಲಿನವರು ಒಪ್ಪಲಿಲ್ಲ.”

“ಎಲ್ಲಿ ಸಾ? ಯಾವುದ್ರಲ್ಲಿ?”

“ಅದು ಅವರು ಹೇಳೋದಿಲ್ಲ.”

ಅವನು ನೋಟ್‌ಬುಕ್ಕನ್ನು ಎರಡು ಕೈಯಲ್ಲೂ ತೆಗೆದುಕೊಂಡ. “ಇನ್ನೊಂದ್ಸಲ ಕೂತ್ಕಂಡ್ ನೋಡ್ತೀನಿ ಸಾ. ಸಿಕ್ಕೇ ಸಿಕ್ತದೆ” ಎಂದು ಕೈಮುಗಿದು ಹೋದ. ಅವನಿಗೆ ನೋವಾಗದಿರಲಿ ಎಂದು ಆ ಸುಳ್ಳು ಹೇಳಿದೆನೆಂದು ಬಹಳ ವರ್ಷ ನಂಬಿದ್ದೆ. ಅದು ನನ್ನನ್ನೇ ಉಳಿಸಿಕೊಳ್ಳಲು ಹೇಳಿದ ಮಾತು.

ಸುಮಾರು ಒಂದು ವರ್ಷದ ಮೇಲೆ ಹಿರೀಸಾವೆಯಿಂದಲೇ ಇನ್ನೊಂದು ಅರ್ಜಿ ಬಂತು, ಅದೂ ಗೋಲಿ ಸೋಡಾ ಫ್ಯಾಕ್ಟರಿಗೆ. ಅರ್ಜಿದಾರ ಹೋಟೆಲ್ ನಂಜಪ್ಪ. ಅದೇ ಬಾಷಾ ಸಾಹೇಬರ ಷೆಡ್ಡು, ಅದೇ ಬಾವಿ. ‘ಬೆಂಗಳೂರಿನಲ್ಲಿ ನುರಿತ ಒಬ್ಬ ಕೆಲಸಗಾರನಿದ್ದಾನೆ’ ಎಂದು ಬರೆಸಿದ್ದ. ಆ ಕೆಲಸಗಾರ ಯಾರು ಎಂದು ನಾನು ಕೇಳಲಿಲ್ಲ. ಕೇಳದೇ ಇದ್ದದ್ದು ಮರೆವಿನಿಂದಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಂಜಪ್ಪನಿಗೆ ಊರಲ್ಲಿ ಹೆಸರಿತ್ತು, ಗಿರಾಕಿ ಇದ್ದರು, ಶಿಫಾರಸು ಮಾಡಿದೆ. ಸಾಲ ಮಂಜೂರಾಯಿತು.

ಬೇಸಿಗೆಯಲ್ಲಿ ತಪಾಸಣೆಗೆ ಹೋದೆ. ಮಧ್ಯಾಹ್ನ, ಬಸ್ಸಿನಿಂದ ಇಳಿದ ಜನ ಷೆಡ್ಡಿನ ಮುಂದೆ ನಂಜಪ್ಪ ಹಾಕಿದ್ದ ಸೋಡಾ ಅಂಗಡಿಗೆ ಮುತ್ತಿಕೊಂಡಿದ್ದರು. ಪೇಟ ಕಟ್ಟಿದವರು, ವಿಭೂತಿ ಹಚ್ಚಿದವರು, ನಾಮ ಹಾಕಿದವರು, ಎಲ್ಲರ ಕೈಯಲ್ಲೂ ಬಾಟಲಿ. ನಂಜಪ್ಪ ನನಗೂ ಒಂದು ಗೋಲಿ ಒತ್ತಿ ಕೊಟ್ಟ. ಸೋಡಾ ಸೊಗಸಾಗಿತ್ತು, ಗ್ಯಾಸು ಮೂಗಿಗೆ ಏರಿತು. ಪೂರ್ತಿ ಕುಡಿದು ಯಂತ್ರ ನೋಡಲೆಂದು ಷೆಡ್ಡಿನ ಹಿಂದಕ್ಕೆ ಹೋದೆ.

ಅಲ್ಲಿ ಕೈಗೆ ಗೋಣಿತಟ್ಟು ಸುತ್ತಿಕೊಂಡು ಯಂತ್ರದ ಹಿಡಿ ತಿರುಗಿಸುತ್ತಿದ್ದವನು ಮರಿಸ್ವಾಮಿ. ನನ್ನನ್ನು ನೋಡಿ ಅವನ ಮುಖ ಅರಳಿತು.

“ಗ್ಯಾಸು ಸರೀಗೈತಾ ಸಾ? ಕುಡುದ್ರಾ?”

“ಕುಡಿದೆ” ಎಂದೆ.

ಅವನು ಹಿಡಿ ಬಿಟ್ಟು ಹತ್ತಿರ ಬಂದ. “ಸಾ, ನಾನು ಇಲ್ಲಿ ಸೇರ್ಕಂಡಿದ್ದೇ ಅದ್ಕೆ. ನನ್ ಪಿಲಾನಲ್ಲಿ ತಪ್ಪು ಎಲ್ಲೈತೆ ಅಂತ ನೋಡವಾ ಅಂತ. ಬಾಟ್ಲಿ ಒಡ್ಯೋದು ನಾನ್ ಬರ್ದಿದ್ದಷ್ಟೇ ಒಡೀತಾ ಅವೆ. ಬಸ್ಸಿನ್ ಲೆಕ್ಕಾನೂ ಸರೀಗೈತೆ. ಗ್ಯಾಸ್ನಲ್ಲೇನಾರಾ ಹೆಚ್ಚುಕಮ್ಮಿ ಆಗಿತ್ತಾ ಸಾ? ನಿಮ್ಗೆ ಗ್ಯಾಪ್ಕ ಐತಾ?”

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮುಂದುಗಡೆ ಜನ ಕುಡಿಯುತ್ತಿದ್ದರು, ಹಿಂದುಗಡೆ ಅವನು ನಿಂತಿದ್ದ, ನನ್ನ ವರದಿ ಸುಳ್ಳೆಂದು ಎರಡು ಕಣ್ಣಿಗೂ ಕಾಣುತ್ತಿತ್ತು. ನಾನು “ನೋಡಿ ಹೇಳ್ತೀನಪ್ಪ” ಎಂದು ಹೊರಗೆ ಬಂದೆ.

ಹೊರಗೆ ನಂಜಪ್ಪನನ್ನು ಕೇಳಿದೆ. “ಅವತ್ತು ಯಾರೂ ಕುಡಿಯೋಲ್ಲ ಅಂದಿದ್ದಿರಿ?”

ಅವನಿಗೆ ಮುಜುಗರವಾಗಲಿಲ್ಲ. “ಇಂದ್ಗಡೆ ಯಾರಿದ್ರೇನು ಸಾ? ಮುಂದ್ಗಡೆ ಗೋಲಿ ಒತ್ತೋನು ನಾನಲ್ವಾ” ಎಂದ.

ಯಂತ್ರಕ್ಕೆ ಜಾಲರಿ ಇರಲಿಲ್ಲ. ಯಾರೋ ಮಾರಿದ ಹಳೆಯ ಯಂತ್ರವನ್ನು ತಂದು ನಿಲ್ಲಿಸಿದ್ದ. ಜಾಲರಿ ಹಾಕಿಸಬೇಕೆಂದು ತಪಾಸಣೆ ಪುಸ್ತಕದಲ್ಲಿ ಬರೆದೆ, ಅವನು ಹೂಂ ಎಂದ. ಹಾಸನಕ್ಕೆ ಬಂದು ಶ್ರೀಕಂಠಯ್ಯನವರ ಮುಂದೆ ನಿಂತು, ಮರಿಸ್ವಾಮಿಯ ಅರ್ಜಿಯನ್ನು ಮತ್ತೆ ತೆಗೆಯೋಣ, ಬೇರೆ ಊರಲ್ಲಾದರೂ ಕೊಡೋಣ ಎಂದೆ.

“ತೆಗೆಯಬಹುದು. ಆದರೆ ಯಾರೂ ಕುಡಿಯೋದಿಲ್ಲ ಅಂತ ಬರೆದವನು ನೀನು. ಈಗ ಎಲ್ಲರೂ ಕುಡಿಯುತ್ತಾರೆ ಅಂತ ಬರೆಯಬೇಕಾದವನೂ ನೀನೇ. ಆಡಳಿತ ಮಂಡಳಿಯವರು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಏನು ಹೇಳ್ತೀಯ? ಯೋಚಿಸಿ ಬರೆದುಕೊಂಡು ಬಾ, ನಾನು ಸಹಿ ಹಾಕ್ತೀನಿ” ಎಂದರು.

ನಾನು ಯೋಚಿಸಿದೆ. ಬರೆಯಲಿಲ್ಲ. ಒಂದು ವಾರ ಬಿಟ್ಟು ಬರೆಯೋಣ ಎಂದುಕೊಂಡೆ, ಆಮೇಲೆ ವರ್ಷಾಂತ್ಯದ ಕೆಲಸ ಬಂತು, ಆಮೇಲೆ ಶ್ರೀಕಂಠಯ್ಯನವರು ನಿವೃತ್ತರಾದರು. ಅವರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅರವತ್ತರ ದಶಕ ಶುರುವಾದ ಮೇಲೆ ಒಂದು ದಿನ ಆ ಷೆಡ್ಡಿನಲ್ಲಿ ಬಾಟಲಿ ಸಿಡಿದು ಮರಿಸ್ವಾಮಿಯ ಎಡಗಣ್ಣು ಹೋಯಿತು. ನನಗೆ ಗೊತ್ತಾದದ್ದು ಎರಡು ತಿಂಗಳಾದ ಮೇಲೆ, ಬಾಷಾ ಸಾಹೇಬರಿಂದ. ಜಾಲರಿಯನ್ನು ನಂಜಪ್ಪ ಹಾಕಿಸಿರಲೇ ಇಲ್ಲ. ನಾನೂ ಪುಸ್ತಕದಲ್ಲಿ ಬರೆದು ಬಂದವನು ಮತ್ತೆ ಹೋಗಿ ನೋಡಿರಲಿಲ್ಲ. ನಂಜಪ್ಪ ಆಸ್ಪತ್ರೆಯ ಖರ್ಚು ಕೊಟ್ಟು ಕೈತೊಳೆದುಕೊಂಡನಂತೆ. ಮರಿಸ್ವಾಮಿ ಸಂಸಾರ ಸಮೇತ ಚನ್ನರಾಯಪಟ್ಟಣಕ್ಕೆ ಹೋಗಿ ಒಂದು ಮರದ ಡಿಪೋದಲ್ಲಿ ಕಾವಲಿಗೆ ಸೇರಿದನೆಂದು ಬಾಷಾ ಸಾಹೇಬರು ಹೇಳಿದರು. ನಾನು ಆ ಊರಿಗೆ ತಿಂಗಳಿಗೆ ಮೂರು ಸಲ ಹೋಗುತ್ತಿದ್ದೆ. ಡಿಪೋ ಇರುವ ರಸ್ತೆಯನ್ನು ಬಿಟ್ಟು ಬೇರೆ ರಸ್ತೆಯಲ್ಲಿ ಓಡಾಡಿದೆ.

ಹೊಸಬರಿಗೆ ಇಲ್ಲಿ ಒಂದು ಮಾತು. ದುಡ್ಡಿಗೆ ಸಂಬಂಧಪಡದ ಸಂಗತಿಗಳನ್ನು ವಿಚಾರಿಸಬೇಡಿ ಎಂದು ನಾನು ಹೇಳುವುದಿಲ್ಲ. ಅವಿಲ್ಲದೆ ಯಾವ ಯೋಜನೆಯೂ ಅರ್ಥವಾಗುವುದಿಲ್ಲ. ಆದರೆ ಯಂತ್ರದ ಬೆಲೆ ತಪ್ಪು ಬರೆದರೆ ಯಾರಾದರೂ ಪಟ್ಟಿ ನೋಡಿ ತಿದ್ದುತ್ತಾರೆ. ಮನುಷ್ಯನ ಬಗ್ಗೆ, ಊರಿನ ಬಗ್ಗೆ ತಪ್ಪು ಬರೆದರೆ ತಿದ್ದುವವರಿಲ್ಲ. ಆ ಪುಟವನ್ನು ಅರ್ಜಿದಾರ ನೋಡುವಂತಿರಲಿಲ್ಲ. ಊರಿನವರ ಬಾಯಲ್ಲಿ ಬಂದದ್ದನ್ನು ನಾವು ಊರಿನ ಗುಣವೆಂದು ಬರೆದುಬಿಡುತ್ತಿದ್ದೆವು. ಅದರಲ್ಲಿ ನಮ್ಮ ಮನೆಯ ಮಾತು ಎಷ್ಟು ಬೆರೆತಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ನನ್ನ ನಿವೃತ್ತಿಗೆ ಎರಡು ವರ್ಷ ಇದ್ದಾಗ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಯಾರೋ “ನಮಸ್ಕಾರ ಸಾ” ಎಂದರು. ತಿರುಗಿದೆ. ತಲೆ ಪೂರ್ತಿ ನೆರೆತಿತ್ತು, ಒಂದು ಕಣ್ಣು ಮುಚ್ಚಿಕೊಂಡಿತ್ತು, ಅಂಗಿ ಮಾತ್ರ ಅಂದಿನಂತೆಯೇ ಬೆಳ್ಳಗೆ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವನು ನನ್ನ ಮನೆಯವರ ಕ್ಷೇಮ ವಿಚಾರಿಸಿದ, ತಾಯಿ ಹೋದದ್ದನ್ನು ಹೇಳಿದ, ಮಗಳು ಟೀಚರ್ ಟ್ರೈನಿಂಗ್ ಓದುತ್ತಿದ್ದಾಳೆ ಎಂದ. ಆಮೇಲೆ ನಗುತ್ತಲೇ, “ಸಾ, ಕೊನೇಗೂ ಆ ತಪ್ಪು ನಂಗೆ ಸಿಕ್ನೇ ಇಲ್ಲ” ಎಂದ.

ನಾನು ಕಲ್ಲುಬೆಂಚಿನ ಮೇಲೆ ಕೂತೆ. ಅವನನ್ನೂ ಪಕ್ಕದಲ್ಲಿ ಕೂರಿಸಿದೆ. ಎಲ್ಲವನ್ನೂ ಹೇಳಿದೆ, ಬರೆದ ವಾಕ್ಯಗಳನ್ನು ಹಾಗೆಯೇ ಹೇಳಿದೆ. ಅವು ನನಗೆ ಬಾಯಿಪಾಠವಾಗಿದ್ದವು.

ಅವನು ನನ್ನ ಕಡೆಗೆ ತಿರುಗಿದ.

“ಅಂಗಾರೆ ಲೆಕ್ಕ ಸರಿಯಾಗಿತ್ತು?”

“ಸರಿಯಾಗಿತ್ತು.”

“ಪೂರಾ?”

“ಪೂರಾ ಸರಿಯಾಗಿತ್ತು ಮರಿಸ್ವಾಮಿ.”

“ಜಾತಿ ಅಂತ ಅವತ್ತೇ ಅಂದಿದ್ರೆ ನಂಗೇನು ವಸದಾ ಸಾ? ಅವ್ವನ್ನೂ ಎತ್ಕಂಡು ದಂಡಿಗೇ ವಾಪಸ್ ಓಯ್ತಿದ್ದೆ. ಅಲ್ಲಿ ನಮ್ಮ ಫ್ಯಾಕ್ಟ್ರಿ ದೊರೆ ಕೂಡ್ಕಂಡ್ ಮಾಡವಾ ಬಾ ಅಂತ ಕಾಗ್ದ ಬರ್ದಿದ್ರು. ಲೆಕ್ಕ ತಪ್ಪು ಅಂದ್ರಲ್ಲ ನೀವು. ನಂಗೇ ನನ್ ಮ್ಯಾಲೆ ನಂಬ್ಕೆ ಓಗ್ಬುಡ್ತು. ಲೆಕ್ಕ ಬಾರ್ದೋನು ಯಾವ್ ಕಸುಬ್ ಮಾಡಾನು ಅಂತ ಇಲ್ಲೇ ಕೂಲಿಗೆ ನಿಂತ್ಕಂಡೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಅವನು ಎದ್ದು ನಿಂತು, “ಒಂದ್ ಉಪ್ಕಾರ ಮಾಡಿ ಸಾ. ಮನೆ ಇಲ್ಲೇ ಅತ್ರ. ಈ ಮಾತ ನನ್ ಮಗ್ಳು ಮುಂದೆ ಒಂದ್ಸಲ ಯೋಳಿ. ಅವಳು ಚಿಕ್ಕೋಳಿದ್ದಾಗ ನಾನೇ ಯೋಳಿವ್ನಿ, ನಿಮ್ಮಪ್ಪ ಲೆಕ್ಕದಲ್ಲಿ ಎಡವ್ಬುಟ್ಟ ಕಣವ್ವ, ನೀನು ಎಡವ್ಬ್ಯಾಡ ಅಂತ” ಎಂದ.

ಹೋದೆವು. ಎರಡು ಕೋಣೆಯ ಹೆಂಚಿನ ಮನೆ. ಗೋಡೆಯ ಮೇಲೆ ಬುದ್ಧನ ಪಟ. ಹದಿನೇಳು ಹದಿನೆಂಟು ವರ್ಷದ ಹುಡುಗಿ, ಹೆಸರು ಸಾವಿತ್ರಿ, ಚಾಪೆ ಹಾಸಿ ಕೂರಿಸಿ ನೀರು ಕೊಟ್ಟಳು. ಕುಡಿದೆ. ಅವಳ ಮುಂದೆ ಮತ್ತೆ ಎಲ್ಲವನ್ನೂ ಹೇಳಿದೆ. ನಿನ್ನ ತಂದೆಯ ಯೋಜನೆಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ, ತಪ್ಪಿದ್ದದ್ದು ನನ್ನಲ್ಲಿ ಎಂದೆ. ಮರಿಸ್ವಾಮಿ ಬಾಗಿಲ ಹತ್ತಿರ ನಿಂತು, ಪರೀಕ್ಷೆಯ ಫಲಿತಾಂಶ ಕೇಳುವವನಂತೆ ಮಗಳ ಮುಖವನ್ನೇ ನೋಡುತ್ತಿದ್ದ.

ಹುಡುಗಿ ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟಳು.

“ಇದನ್ನ ಬರೆದು ಕೊಡ್ತೀರಾ ಸಾರ್?”

ನಾನು ಹಾಳೆಯನ್ನು ನೋಡಿದೆ. ಎರಡು ವರ್ಷದ ಸೇವೆ ಬಾಕಿ ಇತ್ತು, ಪಿಂಚಣಿಯ ಕಾಗದ ಇನ್ನೂ ಮೇಲಿನವರ ಹತ್ತಿರವಿತ್ತು. ಒಂದೇ ಗಳಿಗೆಯಲ್ಲಿ ಇವೆಲ್ಲ ಮನಸ್ಸಿನಲ್ಲಿ ಹಾದುಹೋದವು.

“ಆಫೀಸಿನ ವಿಷಯ ಅಮ್ಮ ಇದು. ಮೇಲಿನವರನ್ನು ಕೇಳದೆ ಬರವಣಿಗೆಯಲ್ಲಿ ಕೊಡೋ ಹಾಗಿಲ್ಲ.”

“ಅಪ್ಪನ ಜಾತಿ ಬರೆಯುವಾಗ ಯಾರನ್ನ ಕೇಳಿದ್ರಿ ಸಾರ್?” ಎಂದಳು. ದನಿ ಏರಿಸಲಿಲ್ಲ.

“ಬುಡವ್ವ, ಬಾಯಲ್ಲಿ ಯೋಳುದ್ರಲ್ಲ, ಸಾಕು” ಎಂದ ಮರಿಸ್ವಾಮಿ. ನನ್ನ ಪರವಾಗಿ ಅವನೇ ಅವಳನ್ನು ಸಮಾಧಾನ ಮಾಡುತ್ತಿದ್ದ. ಹುಡುಗಿ ಹಾಳೆಯನ್ನು ಮಡಿಸದೆ ಹಾಗೆಯೇ ಎತ್ತಿಕೊಂಡು ಒಳಗೆ ಹೋದಳು, ನಾನು ಹೊರಡುವವರೆಗೂ ಮತ್ತೆ ಬರಲಿಲ್ಲ. ಮರಿಸ್ವಾಮಿ ಬಸ್ ನಿಲ್ದಾಣದ ತನಕ ಬಂದು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಬಸ್ಸು ಹೊರಡುವವರೆಗೆ ನಿಂತಿದ್ದ.